ಬೋಧ ತಪ್ಪಿಸುವ ಮದ್ದು, ಮಗುವಿನ ಮಂಡೆ

ಮನೆ ಅರಂತೋಡಿನಲ್ಲಿ, ಸುಳ್ಯದಿಂದ ಮಡಿಕೇರಿಗೆ ಹೋಗುವ ದಾರಿಯ ಊರು. ಕೆಲಸ ಸುಳ್ಯ, ಪುತ್ತೂರು, ಕಡಬದ ಕಡೆ, ಯಾವ ಆಸ್ಪತ್ರೆಯಿಂದ ಕರೆ ಬರುತ್ತದೋ ಅಲ್ಲಿ. ಕತ್ತರಿ ಹಿಡಿಯುವವರು ಬೇರೆ. ನಾನು ರೋಗಿಯ ಬೋಧ ತಪ್ಪಿಸಿ, ಆಪರೇಷನ್ ಮುಗಿಯುವವರೆಗೆ ಉಸಿರು, ರಕ್ತದೊತ್ತಡ ನೋಡಿಕೊಂಡು, ಮತ್ತೆ ಎಬ್ಬಿಸುವವನು. ದೊಡ್ಡವರು ನನ್ನಲ್ಲಿ ಕೇಳುವುದು ಒಂದೇ: "ಎಚ್ಚರ ಆಗ್ತದಲ್ವಾ?" ಮಕ್ಕಳನ್ನು ಕರೆತಂದ ತಾಯಂದಿರ ಪ್ರಶ್ನೆ ಬೇರೆ: "ಡಾಕ್ಟ್ರೇ, ಮಂಡೆಗೆ ಏನಾದ್ರೂ ಆಗ್ತದಾ? ನಾಳೆ ಕಲಿಯುವ ಮಗು." ಅವರಿಗೆ ಉತ್ತರ ಹೇಳುತ್ತ ಹೇಳುತ್ತ ನನಗೆ ತಿಳಿದುಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಈ ಪ್ರಶ್ನೆಯನ್ನು ನಗಾಡಿ ತಳ್ಳಬಾರದು.

ಹಿಂದೆಲ್ಲ "ಏನೂ ಆಗುವುದಿಲ್ಲ, ನಿದ್ದೆ ಮಾಡಿ ಏಳ್ತಾನೆ" ಎಂದರೆ ಮಾತು ಮುಗಿಯುತ್ತಿತ್ತು. ಈಗ ತಂದೆಯ ಕೈಯಲ್ಲಿ ಮೊಬೈಲ್ ಉಂಟು. ಅದರಲ್ಲಿ ಇಲಿಗಳ ಕಥೆ ಉಂಟು. ಕಥೆ ಸುಳ್ಳಲ್ಲ. 2003ರಲ್ಲಿ ಅಮೆರಿಕದ ವೆಸ್ನಾ ಯೆವ್ಟೊವಿಚ್-ಟೊಡೊರೊವಿಚ್ ಮತ್ತು ಸಂಗಡಿಗರು ಏಳು ದಿನದ ಇಲಿಮರಿಗಳಿಗೆ ಮಿಡಜೋಲಮ್, ನೈಟ್ರಸ್ ಆಕ್ಸೈಡ್, ಐಸೊಫ್ಲುರೇನ್ ಎಂಬ ಮೂರು ಮದ್ದನ್ನೂ ಸೇರಿಸಿ ಆರು ಗಂಟೆ ಕೊಟ್ಟರು. ಮರಿಗಳ ಮೆದುಳಿನಲ್ಲಿ ನರಕೋಶಗಳು ಗುಂಪುಗುಂಪಾಗಿ ಸತ್ತವು, ದೊಡ್ಡದಾದ ಮೇಲೆ ಕಲಿಕೆಯೂ ಹಿಂದೆ ಬಿತ್ತು. ನರಕೋಶಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಕಾಲದಲ್ಲಿ ಅವುಗಳ ಮಾತುಕತೆಯನ್ನೇ ನಿಲ್ಲಿಸಿದರೆ, ತಾನು ಬೇಡವೆಂದು ಬಗೆದು ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯನ್ನೇ ಹೊರಡಿಸಿತು: ಮೂರು ವರ್ಷದೊಳಗಿನ ಮಕ್ಕಳಿಗೂ ಕೊನೆಯ ಮೂರು ತಿಂಗಳ ಗರ್ಭಿಣಿಯರಿಗೂ ಮೂರು ಗಂಟೆಗಿಂತ ಹೆಚ್ಚು ಹೊತ್ತು, ಅಥವಾ ಮತ್ತೆ ಮತ್ತೆ, ಅರಿವಳಿಕೆ ಕೊಡುವಾಗ ಜಾಗ್ರತೆ.

ಇಷ್ಟನ್ನೂ ನಾನು ತಂದೆತಾಯಿಗೆ ಹೇಳುತ್ತೇನೆ. ಹೇಳಿದ ಮೇಲೆ ಇಲಿಮರಿಗೆ ಆರು ಗಂಟೆ ಅಂದರೆ ನಮ್ಮ ಮಗುವಿಗೆ ಎಷ್ಟು ದೀರ್ಘ ಕಾಲ ಎಂಬುದನ್ನೂ ಹೇಳುತ್ತೇನೆ. ಅಷ್ಟು ಸಣ್ಣ ಪ್ರಾಣಿಯ ರಕ್ತದೊತ್ತಡ, ಸಕ್ಕರೆ, ಉಸಿರನ್ನು ನಮ್ಮ ಥಿಯೇಟರಿನಲ್ಲಿ ನೋಡಿಕೊಳ್ಳುವ ಹಾಗೆ ನೋಡಿಕೊಳ್ಳುವುದು ಸುಲಭವಲ್ಲ. ಈ ನೋಡಿಕೊಳ್ಳುವ ಮಾತಿನಲ್ಲೇ ನನ್ನ ಕಸುಬಿನ ಸಾರ ಉಂಟು.

2. ಮಗುವಿನ ಮೆದುಳು ಹೊಟ್ಟೆಬಾಕ.

ದೊಡ್ಡವರ ಮೆದುಳು ದೇಹದ ತೂಕದಲ್ಲಿ ಶೇ. 2, ದೇಹದ ಶಕ್ತಿಯಲ್ಲಿ ಶೇ. 20ನ್ನು ಅದೇ ತಿನ್ನುತ್ತದೆ. ಮಕ್ಕಳ ಲೆಕ್ಕ ಇನ್ನೂ ವಿಚಿತ್ರ. 1987ರಲ್ಲಿ ಹ್ಯಾರಿ ಚುಗಾನಿ ಎಂಬ ವೈದ್ಯರು ಪೆಟ್ ಸ್ಕ್ಯಾನ್ ಮೂಲಕ ತೋರಿಸಿದ್ದು ಇದು: ಹುಟ್ಟುವಾಗ ಮೆದುಳು ಗ್ಲೂಕೋಸ್ ಬಳಸುವ ವೇಗ ದೊಡ್ಡವರಿಗಿಂತ ಕಡಿಮೆ, ಎರಡು ವರ್ಷದ ಹೊತ್ತಿಗೆ ಸಮ, ಮೂರು ನಾಲ್ಕು ವರ್ಷಕ್ಕೆ ದೊಡ್ಡವರ ಹೆಚ್ಚುಕಡಿಮೆ ಇಮ್ಮಡಿ. ಒಂಬತ್ತರ ತನಕ ಹಾಗೇ ಇದ್ದು, ಹದಿಹರೆಯ ಮುಗಿಯುವಾಗ ಇಳಿಯುತ್ತದೆ. ಎಲ್ಲ ಭಾಗವೂ ಒಟ್ಟಿಗೆ ಏಳುವುದಿಲ್ಲ. ಮೊದಲು ಸ್ಪರ್ಶ, ಚಲನೆಯ ಭಾಗಗಳು, ಮೂರು ತಿಂಗಳ ಹೊತ್ತಿಗೆ ನೋಟದ ಭಾಗ, ಹಣೆಯ ಹಿಂದಿನದು ಎಲ್ಲಕ್ಕಿಂತ ತಡ. 2014ರಲ್ಲಿ ಕ್ರಿಸ್ಟೋಫರ್ ಕುಜಾವ ಮತ್ತು ಸಂಗಡಿಗರು ಲೆಕ್ಕ ಹಾಕಿದಂತೆ, ಬಾಲ್ಯದಲ್ಲಿ ಈ ತಿನ್ನುವಿಕೆ ತುತ್ತತುದಿಗೆ ಮುಟ್ಟುವ ಐದರ ಆಸುಪಾಸಿನಲ್ಲಿ, ಸುಮ್ಮನೆ ಕೂತ ದೇಹದ ಶಕ್ತಿಯಲ್ಲಿ ಶೇ. 66ರಷ್ಟು ಮೆದುಳಿಗೇ ಹೋಗುತ್ತದೆ. ಆ ಪ್ರಾಯದಲ್ಲಿ ದೇಹ ನಿಧಾನವಾಗಿ ಬೆಳೆಯುವುದು ಅದಕ್ಕೇ ಇರಬೇಕು ಎಂದು ಅವರ ವಾದ.

ಒಂದನೇ ಕ್ಲಾಸಿನ ಹುಡುಗ ಮೇಜಿನ ಮೇಲೆ ಮಲಗಿದಾಗ, ಅವನ ಪುಟ್ಟ ಹೃದಯ ದುಡಿಯುವುದರಲ್ಲಿ ದೊಡ್ಡ ಪಾಲು ಕುತ್ತಿಗೆಯಿಂದ ಮೇಲಕ್ಕೆ ಹೋಗುತ್ತಿದೆ ಎಂಬುದನ್ನು ನಾನು ಮರೆಯುವಂತಿಲ್ಲ.

3. ಮದ್ದು ಆ ಹಸಿವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ.

ಪ್ರೊಪೊಫಾಲ್, ಥಯೊಪೆಂಟೋನ್ ಇಂಜೆಕ್ಷನ್ ಅಥವಾ ಸೆವೊಫ್ಲುರೇನ್ ಗ್ಯಾಸ್ ಕೊಟ್ಟಾಗ ನರಕೋಶಗಳ ಸದ್ದು ತಗ್ಗಿ, ಮೆದುಳು ಬಳಸುವ ಆಮ್ಲಜನಕವೂ ಗ್ಲೂಕೋಸೂ ಇಳಿಯುತ್ತವೆ. ಮೆದುಳಿನ ವಿದ್ಯುತ್ ರೇಖೆ ಪೂರ್ತಿ ಸಪಾಟಾಗುವಷ್ಟು ಕೊಟ್ಟರೂ ಇಳಿಯುವುದು ಅರ್ಧಕ್ಕೆ, ಸ್ವಲ್ಪ ಹೆಚ್ಚೆಂದರೆ ಶೇ. 60ರವರೆಗೆ. ಉಳಿದದ್ದು ಕೋಶ ಬದುಕಿರುವುದಕ್ಕೇ ಬೇಕಾದ ಖರ್ಚು. ಅಂಗಡಿ ಮುಚ್ಚಿದರೂ ಕಾವಲುಗಾರನ ಸಂಬಳ ನಿಲ್ಲುವುದಿಲ್ಲವಲ್ಲ, ಹಾಗೆ. ಅದಕ್ಕಿಂತ ಹೆಚ್ಚು ಮದ್ದು ಸುರಿದರೆ ಉಳಿತಾಯ ಏನೂ ಇಲ್ಲ, ರಕ್ತದೊತ್ತಡ ಮಾತ್ರ ಬೀಳುತ್ತದೆ. "ಮಗು ಅಲ್ಲಾಡಿತು, ಇನ್ನಷ್ಟು ಕೊಡಿ" ಎಂದು ಸರ್ಜನ್ ಹೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಲ್ಲಾಡುವುದಕ್ಕೆ ಬೆನ್ನುಹುರಿ ಸಾಕು. ಅದನ್ನು ನಿಲ್ಲಿಸಲು ಬೇಕಾದದ್ದು ಹೆಚ್ಚಾಗಿ ನೋವಿನ ಬ್ಲಾಕ್, ಅಂದರೆ ನೋವಿನ ನರವನ್ನು ಮರಗಟ್ಟಿಸುವ ಇಂಜೆಕ್ಷನ್, ಹೆಚ್ಚು ಗ್ಯಾಸ್ ಅಲ್ಲ.

ಮದ್ದುಗಳೆಲ್ಲ ಒಂದೇ ದಾರಿಯವೂ ಅಲ್ಲ. ಕೆಟಮಿನ್ ಮೆದುಳಿನ ದುಡಿಮೆಯನ್ನು ತಗ್ಗಿಸುವುದಿಲ್ಲ, ಕೆಲವು ಭಾಗಗಳಲ್ಲಿ ಏರಿಸುತ್ತದೆ. ನೈಟ್ರಸ್ ಆಕ್ಸೈಡೂ ಏರಿಸುವ ಕಡೆಯದೇ. ಸೆವೊಫ್ಲುರೇನ್ ದುಡಿಮೆ ತಗ್ಗಿಸುತ್ತದೆ, ಆದರೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ರಕ್ತನಾಳಗಳನ್ನು ಹಿಗ್ಗಿಸಿ ರಕ್ತ ಹೆಚ್ಚು ಹರಿಯುವಂತೆ ಮಾಡುತ್ತದೆ. ಬೇಡಿಕೆಗೂ ಪೂರೈಕೆಗೂ ಇರುವ ನಂಟು ಅಲ್ಲಿಗೆ ಸಡಿಲ. ಪ್ರೊಪೊಫಾಲ್ ಎರಡನ್ನೂ ಜತೆಯಲ್ಲೇ ಇಳಿಸುತ್ತದೆ. 2012ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಎಂಆರ್‌ಐ ಯಂತ್ರದ ಸ್ಪೆಕ್ಟ್ರೋಸ್ಕೋಪಿಯಿಂದ ಮಲಗಿದ ಮಕ್ಕಳ ಮೆದುಳಿನ ರಾಸಾಯನಿಕಗಳನ್ನು ಅಳೆಯಿತು. ಸೆವೊಫ್ಲುರೇನ್ ಪಡೆದವರಲ್ಲಿ ಪ್ರೊಪೊಫಾಲ್ ಪಡೆದವರಿಗಿಂತ ಲ್ಯಾಕ್ಟೇಟ್ ಮತ್ತು ಗ್ಲೂಕೋಸ್ ಹೆಚ್ಚು ಸಿಕ್ಕಿತು. ಹೊರಗಿನಿಂದ ನೋಡಿದರೆ ಎರಡೂ ಗುಂಪಿನ ಮಕ್ಕಳು ಒಂದೇ ಥರ ಮಲಗಿದ್ದರು.

4. ಎದ್ದ ಕೂಡಲೇ ರಚ್ಚೆ ಹಿಡಿದರೆ ದೃಷ್ಟಿ ಬಿದ್ದದ್ದಲ್ಲ.

ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕಣ್ಣು ಬಿಟ್ಟಿರುತ್ತದೆ, ಅಮ್ಮನ ಗುರುತಿಲ್ಲ, ಒದೆಯುತ್ತದೆ, ಡ್ರಿಪ್ ಕೀಳುತ್ತದೆ. ಅಜ್ಜಿ ಉಪ್ಪು ಮೆಣಸು ನಿವಾಳಿಸಬೇಕು ಎನ್ನುತ್ತಾರೆ. ಮನೆಗೆ ಹೋಗಿ ನಿವಾಳಿಸಲಿ, ನನಗೇನೂ ತಕರಾರಿಲ್ಲ. ಮೇಲೆ ಹೇಳಿದ ಅಧ್ಯಯನದಲ್ಲಿ ಈ ಗಲಿಬಿಲಿಗೂ ಮೆದುಳಿನ ಲ್ಯಾಕ್ಟೇಟಿಗೂ ನಂಟು ಕಂಡಿತ್ತು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದಾಗಿಯೇ ಇಳಿಯುತ್ತದೆ. ಕೊನೆಯಲ್ಲಿ ಒಂಚೂರು ಪ್ರೊಪೊಫಾಲ್, ಮೊದಲೇ ನೋವಿನ ಬ್ಲಾಕ್, ಎದ್ದಾಗ ಹತ್ತಿರ ಅಮ್ಮ, ಇಷ್ಟಿದ್ದರೆ ಬಹಳ ಕಡಿಮೆ.

5. ಉಪವಾಸವೇ ನಮ್ಮ ಕಡೆಯ ದೊಡ್ಡ ತೊಂದರೆ.

ತೊಡಿಕಾನದ ಒಳಗಿನ ಮನೆ ಎಂದುಕೊಳ್ಳಿ. "ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದು ಆಸ್ಪತ್ರೆಯಲ್ಲಿ ಹೇಳಿರುತ್ತಾರೆ. ಮಗು ರಾತ್ರಿ ಎಂಟಕ್ಕೆ ಗಂಜಿ ಉಂಡು ಮಲಗಿತು. ಬೆಳಿಗ್ಗೆ ಜೀಪು ಹಿಡಿದು ಅರಂತೋಡು, ಅಲ್ಲಿಂದ ಬಸ್ಸಿನಲ್ಲಿ ಸುಳ್ಯ. ಥಿಯೇಟರಿನಲ್ಲಿ ಮೊದಲು ಒಂದು ಸಿಸೇರಿಯನ್, ಮತ್ತೊಂದು ಎಮರ್ಜೆನ್ಸಿ. ಮಗುವಿನ ಸರದಿ ಬರುವಾಗ ಹನ್ನೊಂದೂವರೆ. ಹದಿನೈದು ಗಂಟೆಗಿಂತ ಹೆಚ್ಚು ಏನೂ ಇಲ್ಲದ ಮೂರು ವರ್ಷದ ಮಗು ಅದು. ಎರಡನೇ ಪಾಠದಲ್ಲಿ ಹೇಳಿದ ಹೊಟ್ಟೆಬಾಕ ಮೆದುಳು ಅದರದ್ದೇ. ಸಣ್ಣ ಮಕ್ಕಳ ಯಕೃತ್ತಿನಲ್ಲಿ ಗ್ಲೈಕೋಜನ್ ದಾಸ್ತಾನು ಸಣ್ಣದು. ಅದು ಮುಗಿಯುತ್ತಾ ಬಂದ ಹಾಗೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಮಾಡಿಕೊಳ್ಳುತ್ತದೆ. ಎಳೆಯ ಮೆದುಳು ಕೀಟೋನನ್ನೂ ಚೆನ್ನಾಗಿಯೇ ಬಳಸುತ್ತದೆ, ಅದು ಪ್ರಕೃತಿಯ ಉಪಕಾರ. ಆದರೆ ನೀರಿಲ್ಲದೆ ಒಣಗಿದ ಮಗುವಿಗೆ ಸೆವೊಫ್ಲುರೇನ್ ಕೊಟ್ಟ ಕೂಡಲೇ ರಕ್ತದೊತ್ತಡ ಕುಸಿಯುತ್ತದೆ, ರಕ್ತನಾಳ ಸಿಗುವುದಿಲ್ಲ. ನಾಲ್ಕು ಕಡೆ ಚುಚ್ಚಿಸಿಕೊಂಡ ಮಗು ಮುಂದಿನ ಸಲ ಬಿಳಿ ಕೋಟು ಕಂಡರೇ ಬೊಬ್ಬೆ ಹೊಡೆಯುತ್ತದೆ.

ನಾನು ಹಿಂದಿನ ದಿನವೇ ಮನೆಯವರಿಗೆ ಫೋನ್ ಮಾಡುವುದು ಇದಕ್ಕೆ. ಹೇಳುವ ಲೆಕ್ಕ ಹೀಗೆ: ಗಂಜಿ, ದೋಸೆ, ಹಸುವಿನ ಹಾಲು, ಪುಡಿ ಹಾಲು ಆರು ಗಂಟೆ ಮುಂಚೆ, ತಾಯಿಯ ಹಾಲು ನಾಲ್ಕು ಗಂಟೆ, ತಿಳಿಯಾದ ಪಾನೀಯ ಒಂದು ಗಂಟೆ. ಈ ಕೊನೆಯದು ಹಿಂದೆ ಎರಡು ಗಂಟೆ ಇತ್ತು, ಹಲವು ದೇಶಗಳಲ್ಲಿ ಈಗಲೂ ಹಾಗೇ ಉಂಟು. 2018ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಯುರೋಪಿನ ಮಕ್ಕಳ ಅರಿವಳಿಕೆ ಸಂಘಗಳು ಸೇರಿ ಒಂದಕ್ಕೆ ಇಳಿಸಿದವು, ಕಿಲೋ ತೂಕಕ್ಕೆ 3 ಎಂ.ಎಲ್. ತನಕ. ತಿಳಿಯಾದ ಪಾನೀಯ ಎಂದರೆ ಜನರಿಗೆ ಅರ್ಥವಾಗುವುದಿಲ್ಲ. ಬೆಲ್ಲದ ನೀರು ಸೋಸಿ ಕೊಡಿ, ಸಕ್ಕರೆ ನೀರು ಕೊಡಿ, ಬೊಂಡದ ನೀರೂ ಆಗಬಹುದು ಎಂದರೆ ಆಗುತ್ತದೆ. ಗಂಜಿ ತಿಳಿ ಆಗುವುದಿಲ್ಲ. ಹೆಸರಿನಲ್ಲಿ ತಿಳಿ ಇದ್ದರೂ ಅದು ಪಿಷ್ಟ. ಚಾ ಕೊಟ್ಟರೆ ಹಾಲು ಹಾಕದೆ. ಈ ನಾಲ್ಕು ಮಾತಿಗೆ ಎರಡು ನಿಮಿಷ ಸಾಕು. ಆದರೂ "ಖಾಲಿ ಹೊಟ್ಟೆ" ಎಂಬ ಎರಡು ಶಬ್ದದಲ್ಲಿ ಮುಗಿಸುವುದು ನಮ್ಮಲ್ಲಿ ವಾಡಿಕೆ. ನೀರು ಕೊಟ್ಟು ಕೇಸ್ ಮುಂದೆ ಹೋದರೆ ಬೈಸಿಕೊಳ್ಳಬೇಕಾದೀತು ಎಂಬ ಭಯ ಸಿಸ್ಟರುಗಳಿಗೆ. ಅದನ್ನು ನಿವಾರಿಸುವ ಹೊಣೆ ನನ್ನಂಥವರದ್ದು. ಸರದಿ ತಡವಾದರೆ "ಇನ್ನೊಂದು ಲೋಟ ಕೊಡಿ" ಎಂದು ವಾರ್ಡಿಗೆ ಹೇಳಿ ಕಳಿಸುತ್ತೇನೆ.

ಡ್ರಿಪ್ಪಿನ ವಿಷಯವೂ ಇಲ್ಲೇ ಬರಲಿ. ಸಕ್ಕರೆ ಬೇಕೆಂದು 5% ಡೆಕ್ಸ್ಟ್ರೋಸ್ ಇರುವ, ಸೋಡಿಯಂ ತೀರಾ ಕಡಿಮೆ ಇರುವ ಮಕ್ಕಳ ಡ್ರಿಪ್ಪನ್ನೇ ಥಿಯೇಟರಿನಲ್ಲೂ ಹರಿಸುವುದು ಹಳೆಯ ಪದ್ಧತಿ. ಆಪರೇಷನ್ ಹೊತ್ತಿನಲ್ಲಿ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಸೋಡಿಯಂ ಇಳಿಯುತ್ತದೆ, ಮೆದುಳು ಊದುತ್ತದೆ. ಯುರೋಪಿನಲ್ಲಿ 1 ಶೇಕಡ ಗ್ಲೂಕೋಸ್ ಬೆರೆತ ಸಮತೋಲದ ಡ್ರಿಪ್ ಸಿದ್ಧವಾಗಿ ಸಿಗುತ್ತದೆ. ಇಲ್ಲಿ 500 ಎಂ.ಎಲ್. ರಿಂಗರ್ ಲ್ಯಾಕ್ಟೇಟಿಗೆ 25% ಡೆಕ್ಸ್ಟ್ರೋಸ್ 20 ಎಂ.ಎಲ್. ಸೇರಿಸಿ, ಬಾಟಲಿಗೆ ಚೀಟಿ ಅಂಟಿಸಿದರೆ ಕೆಲಸ ಆಯಿತು. ಶಿಶುಗಳಿಗೆ ನಡುವೆ ಒಮ್ಮೆ ಗ್ಲುಕೋಮೀಟರಿನಲ್ಲಿ ನೋಡಿಬಿಡುವುದು. ಅದಕ್ಕೆ ಎಷ್ಟು ಖರ್ಚು? ಒಂದು ಸ್ಟ್ರಿಪ್.

6. ಚೀಲ ಒತ್ತುವ ಕೈಗೆ ಅಳತೆ ಬೇಕು.

ಕೂಸಿನ ಉಸಿರಿಗೆ ಸಹಾಯ ಮಾಡಲು ಚೀಲ ಒತ್ತುವಾಗ ಹೆದರಿದ ಕೈ ಯಾವಾಗಲೂ ಹೆಚ್ಚು ಒತ್ತುತ್ತದೆ. ಆಮ್ಲಜನಕ 100 ತೋರಿಸುತ್ತದೆ, ಎಲ್ಲರಿಗೂ ಸಮಾಧಾನ. ಅತ್ತ ರಕ್ತದ ಕಾರ್ಬನ್ ಡೈಆಕ್ಸೈಡ್ 40ರಿಂದ 25ಕ್ಕೆ ಇಳಿದಿರುತ್ತದೆ. ಅದು ಒಂದು ಅಂಕ ಇಳಿದರೆ ಮೆದುಳಿಗೆ ಹೋಗುವ ರಕ್ತ ಸುಮಾರು ಶೇ. 3 ಇಳಿಯುತ್ತದೆ, ಹದಿನೈದು ಅಂಕಕ್ಕೆ ಎಷ್ಟಾಯಿತು ನೀವೇ ನೋಡಿ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಇಲ್ಲದ ಥಿಯೇಟರಿನಲ್ಲಿ ನಾನು ಸಣ್ಣ ಮಕ್ಕಳ ಕೇಸ್ ತೆಗೆದುಕೊಳ್ಳುವುದಿಲ್ಲ. ಈ ಹಟಕ್ಕೆ ಕೆಲವು ಕಡೆಯಿಂದ ಕರೆ ಬರುವುದೇ ನಿಂತಿದೆ, ನಿಲ್ಲಲಿ.

ರಕ್ತದೊತ್ತಡದ್ದೂ ಹೀಗೇ. 2014ರಲ್ಲಿ ಬಾಸ್ಟನ್ನಿನ ಮೇರಿ ಎಲೆನ್ ಮೆಕ್ಯಾನ್ ಮತ್ತು ಸಂಗಡಿಗರು ಆರು ಶಿಶುಗಳ ವಿವರ ಬರೆದರು. ಎಲ್ಲವೂ ಎಳೆಯವು, ಆಪರೇಷನ್ ಎರಡು ಮೂರು ಗಂಟೆಯದು, ಭಾರಿ ಏನಲ್ಲ. ಸುಮಾರು ಒಂದು ದಿನದೊಳಗೆ ಅಪಸ್ಮಾರ ಬಂತು, ಮೆದುಳಿಗೆ ಹಾನಿಯಾಗಿತ್ತು. ಚಾರ್ಟ್ ತಿರುವಿ ನೋಡಿದಾಗ ಸಿಕ್ಕಿದ್ದು ಸ್ವಲ್ಪ ಇಳಿದ ರಕ್ತದೊತ್ತಡ, ಬಹಳ ಹೊತ್ತು. ಮಕ್ಕಳಲ್ಲಿ ಇಷ್ಟು ಇರುತ್ತದೆ ಎಂದು ನಾವೆಲ್ಲ ಬಿಟ್ಟುಬಿಡುವ ಅಂಕಿಗಳು. ಮದ್ದಿನ ವಿಷವೋ ಅಲ್ಲವೋ ಎಂದು ಜಗತ್ತು ಇಲಿಮರಿಗಳನ್ನು ಎಣಿಸುತ್ತಿದ್ದಾಗ ಈ ಆರು ಮಕ್ಕಳ ಚಾರ್ಟ್ ನನಗೆ ಹೆಚ್ಚು ಕಲಿಸಿತು. ಮಲಗಿದ ಮೆದುಳು ಹಸಿವಾದರೆ ಕೂಗುವುದಿಲ್ಲ.

7. ಚಳಿ ಮಿತ್ರನಲ್ಲ.

ಮೈ ಒಂದು ಡಿಗ್ರಿ ತಣ್ಣಗಾದರೆ ಮೆದುಳಿನ ಆಮ್ಲಜನಕದ ಬಳಕೆ ಶೇ. 6-7 ಇಳಿಯುತ್ತದೆ ಎಂಬುದು ನಿಜ. ಹುಟ್ಟುವಾಗ ಉಸಿರುಗಟ್ಟಿದ ಶಿಶುಗಳನ್ನು ಬೇಕೆಂದೇ 33-34 ಡಿಗ್ರಿಗೆ ಇಳಿಸಿ 72 ಗಂಟೆ ಇಡುವುದು ಇದೇ ಲೆಕ್ಕದ ಮೇಲೆ. ಅದು ಐಸಿಯುವಿನಲ್ಲಿ, ಅಳೆದು ಮಾಡುವ ಕೆಲಸ. ಮಳೆಗಾಲದಲ್ಲಿ ಒದ್ದೆಯಾಗಿ ಬಂದ ಕೂಸು ಸರ್ಜನ್ನರ ಬೆವರಿಗಾಗಿ ಇಟ್ಟ ಎಸಿಯಲ್ಲಿ ತಣ್ಣಗಾಗುವುದು ಬೇರೆ; ಅದಕ್ಕೆ ಉಸಿರು ನಿಲ್ಲುತ್ತದೆ, ಎಚ್ಚರ ತಡವಾಗುತ್ತದೆ. ಮಗು ಒಳಗೆ ಬರುವ ಮೊದಲು ಎಸಿ ಆಫ್.

8. ಒಂದು ಗಂಟೆಯ ಮಾತು ಬೇರೆ, ಮತ್ತೆ ಮತ್ತೆ ಎಂಬುದು ಬೇರೆ.

ತಾಯಂದಿರಿಗೆ ಧೈರ್ಯವಾಗಿ ಹೇಳಲು ನನಗೆ ಬಲ ಕೊಟ್ಟದ್ದು ಗ್ಯಾಸ್ ಎಂಬ ಹೆಸರಿನ ಅಧ್ಯಯನ. ಏಳು ದೇಶಗಳು, 28 ಆಸ್ಪತ್ರೆಗಳು, ಹರ್ನಿಯ ಆಪರೇಷನ್ನಿಗೆ ಬಂದ 722 ಶಿಶುಗಳು. ಚೀಟಿ ಎತ್ತಿದ ಹಾಗೆ ಅರ್ಧಕ್ಕೆ ಸೆವೊಫ್ಲುರೇನ್, ಅರ್ಧಕ್ಕೆ ಎಚ್ಚರದಲ್ಲೇ ಬೆನ್ನಿನ ಇಂಜೆಕ್ಷನ್. ಎರಡು ವರ್ಷದಲ್ಲಿ ನೋಡಿದರು, ಐದು ವರ್ಷದಲ್ಲಿ ನೋಡಿದರು. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಇಲ್ಲ. ಅರಿವಳಿಕೆಯ ಅವಧಿ ಸರಾಸರಿ ಒಂದು ಗಂಟೆಯೊಳಗೆ. 2016ರ ಪಾಂಡಾ ಅಧ್ಯಯನ 105 ಜೋಡಿ ಒಡಹುಟ್ಟಿದವರನ್ನು ಹೋಲಿಸಿತು, ಮೂರು ವರ್ಷದೊಳಗೆ ಅರಿವಳಿಕೆ ಪಡೆದವರು ಮತ್ತು ಪಡೆಯದವರು. ಅಲ್ಲೂ ಬುದ್ಧಿಮಟ್ಟ ಸಮ.

2018ರಲ್ಲಿ ಮೇಯೋ ಕ್ಲಿನಿಕ್ಕಿನವರು ಹಲವು ಸಲ ಅರಿವಳಿಕೆ ಪಡೆದವರನ್ನೂ ಸೇರಿಸಿ ನೋಡಿದಾಗ ಬುದ್ಧಿಮಟ್ಟ ಹಾಗೇ ಇತ್ತು, ಆದರೆ ಆಲೋಚನೆಯ ವೇಗದಲ್ಲಿ, ಬೆರಳಿನ ನಯವಾದ ಚಲನೆಯಲ್ಲಿ ಒಂದಿಷ್ಟು ಇಳಿತ ಕಂಡಿತು. ಅದು ಮದ್ದಿನದ್ದೋ, ಹಲವು ಸಲ ಆಪರೇಷನ್ ಬೇಕಾದ ಕಾಯಿಲೆಯದ್ದೋ ಬಿಡಿಸಿ ಹೇಳುವುದು ಕಷ್ಟ. ನಾನು ತೆಗೆದುಕೊಂಡ ತೀರ್ಮಾನ ಸರಳ: ಒಂದೇ ಮಗುವಿಗೆ ಎಂಆರ್‌ಐಗೆ ಒಮ್ಮೆ, ಹಲ್ಲಿಗೆ ಒಮ್ಮೆ, ಕಿವಿಗೆ ಒಮ್ಮೆ ಎಂದು ಮೂರು ಸಲ ಮಲಗಿಸುವ ಬದಲು ವೈದ್ಯರನ್ನು ಒಟ್ಟುಗೂಡಿಸುವುದು. ಇಬ್ಬರು ಸರ್ಜನ್ನರ ಸಮಯ ಹೊಂದಿಸುವುದು ಅರಿವಳಿಕೆ ಕೊಡುವುದಕ್ಕಿಂತ ಕಷ್ಟ.

9. ಮುಂದೂಡುವುದಕ್ಕೂ ಮೆದುಳು ಬೆಲೆ ಕೊಡುತ್ತದೆ.

"ಆಟಿ ತಿಂಗಳು ಕಳೀಲಿ ಡಾಕ್ಟ್ರೇ" ಎನ್ನುತ್ತಾರೆ. ಸುನ್ನತಿಗೆ, ಹೊಕ್ಕುಳ ಹರ್ನಿಯಕ್ಕೆ ಆಟಿ ಮಾತ್ರವಲ್ಲ, ಮುಂದಿನ ಆಟಿಯೂ ಕಳೆಯಬಹುದು. ತೊಡೆಸಂದಿನ ಹರ್ನಿಯ ಇರುವ ಎಳೆ ಕೂಸಿಗೆ ಆಗುವುದಿಲ್ಲ; ಕರುಳು ಸಿಕ್ಕಿಕೊಂಡರೆ ರಾತ್ರಿ ಎರಡು ಗಂಟೆಗೆ, ವಾಂತಿ ಮಾಡಿ ಸುಸ್ತಾದ ಮಗುವಿಗೆ ಅರಿವಳಿಕೆ ಕೊಡಬೇಕಾಗುತ್ತದೆ. ಹುಟ್ಟಿನಿಂದಲೇ ಕಣ್ಣಿನ ಪೊರೆ ಇರುವ ಶಿಶುವಿನದ್ದು ಇನ್ನೂ ಅವಸರ. ಬೆಳಕು ಹೋಗದಿದ್ದರೆ ಮೆದುಳಿನ ನೋಟದ ಭಾಗ ನೋಡುವುದನ್ನೇ ಕಲಿಯುವುದಿಲ್ಲ. ಮೊದಲ ಆರೆಂಟು ವಾರದೊಳಗೆ ತೆಗೆದರೆ ಒಳ್ಳೆಯದು. ಮೂರು ವರ್ಷ ಆಗಲಿ, ಮದ್ದಿನ ಭಯ ಇರುವುದಿಲ್ಲ ಎಂದು ಕಾದ ತಂದೆಗೆ ಮೆದುಳನ್ನು ಉಳಿಸಿದೆ ಎಂಬ ಸಮಾಧಾನ ಇರಬಹುದು, ಮಗುವಿಗೆ ನೋಟ ಇರುವುದಿಲ್ಲ. ಕಿವುಡು ಮಗುವಿನ ಕಾಕ್ಲಿಯರ್ ಇಂಪ್ಲಾಂಟ್, ಸೀಳು ಅಂಗುಳ, ಎಲ್ಲದಕ್ಕೂ ಮಾತು ಕಲಿಯುವ ಕಾಲದ ಗಡುವು ಉಂಟು.

10. ಮೊದಲೇ ನೊಂದ ಮೆದುಳಿಗೆ ಬೇರೆ ಲೆಕ್ಕ.

ನಮ್ಮ ಮೂರೂ ತಾಲೂಕಿಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನೆನಪು ಉಂಟು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ನಿಷೇಧಿಸಿತು. ಕೊಯಿಲ, ಕೊಕ್ಕಡದ ಪಾಲನಾ ಕೇಂದ್ರಗಳಿಗೆ ಹೋದವರಿಗೆ ಗೊತ್ತು, ಕೈಕಾಲು ಬಿಗಿದ, ಮಾತು ಬಾರದ, ಅಪಸ್ಮಾರ ಇರುವ ಮಕ್ಕಳನ್ನು ಸಾಕುವುದೆಂದರೆ ಏನೆಂದು. ಯಾವ ಕಾರಣದಿಂದಲೇ ಆಗಲಿ ಇಂಥ ಮಕ್ಕಳು ಹಲ್ಲು ಕೀಳಿಸಲಿಕ್ಕೆ, ಸ್ಕ್ಯಾನಿಗೆ ನನ್ನಲ್ಲಿಗೆ ಬರುತ್ತಾರೆ. "ಇನ್ನೇನು ಹಾಳಾಗಲಿಕ್ಕುಂಟು" ಎಂದು ಯಾರೋ ಪಕ್ಕದಲ್ಲಿ ಗೊಣಗಿದ್ದನ್ನು ಕೇಳಿದ್ದೇನೆ. ಹಾಳಾಗಲಿಕ್ಕೆ ಬಹಳ ಉಂಟು. ಅಂಥ ಮಗು ಅಮ್ಮನನ್ನು ನೋಡಿ ನಗುವುದು, ಬಾಯಿಗೆ ಇಟ್ಟದ್ದನ್ನು ನುಂಗುವುದು, ಅಷ್ಟೇ ಆ ಮನೆಯ ಗಳಿಕೆ. ಇವರ ಮನೆಯವರಲ್ಲಿ ಮೊದಲು ಕೇಳುವುದು ಬೆಳಗಿನ ಅಪಸ್ಮಾರದ ಮಾತ್ರೆ ಕೊಟ್ಟಿರಾ ಎಂದು. ಖಾಲಿ ಹೊಟ್ಟೆ ಅಂದದ್ದಕ್ಕೆ ಕೊಟ್ಟಿಲ್ಲ ಎನ್ನುತ್ತಾರೆ ಬಹಳ ಮಂದಿ. ಫಿಟ್ಸ್ ಬಂದರೆ ಮೆದುಳಿನ ಖರ್ಚು ಹಲವು ಪಟ್ಟು ಏರುತ್ತದೆ. ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಕೊಟ್ಟೇ ಬರಬೇಕು.

ಎರಡನೆಯದು, ಮೊದಲೊಂದು ಮಗು ಕಾರಣ ತಿಳಿಯದೆ ತೀರಿಹೋಗಿದೆಯೇ, ತಂದೆತಾಯಿ ಸಂಬಂಧದಲ್ಲೇ ಮದುವೆಯಾದವರೇ ಎಂಬುದು. ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದಲ್ಲೇ ದೋಷವಿರುವ ಮಕ್ಕಳು ಉಂಟು. ಅವರಲ್ಲಿ ಒಂದು ಬಗೆಯವರು, ಬೇರೆಯವರಿಗೆ ಕೊಡುವುದರಲ್ಲಿ ಒಂದು ಚೂರು ಸೆವೊಫ್ಲುರೇನ್ ಕೊಟ್ಟರೂ ಆಳಕ್ಕೆ ಹೋಗಿಬಿಡುತ್ತಾರೆ. ಪ್ರೊಪೊಫಾಲನ್ನು ಗಂಟೆಗಟ್ಟಲೆ ಹರಿಸುವುದು ಅವರಿಗೆ ಅಪಾಯ, ಉಪವಾಸ ಅದಕ್ಕಿಂತಲೂ. ಸಂಶಯ ಇದ್ದರೆ ಸುಳ್ಯದ ಮೆಡಿಕಲ್ ಕಾಲೇಜಿಗೆ, ಇಲ್ಲವೇ ಮಂಗಳೂರಿಗೆ.

11. ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಅವತ್ತೇ ಮನೆಗೆ ಕಳಿಸುವುದಿಲ್ಲ.

ಗರ್ಭದ ವಾರ ಮತ್ತು ಹುಟ್ಟಿದ ಮೇಲಿನ ವಾರ ಕೂಡಿಸಿ 60 ಆಗುವವರೆಗೆ ಅರಿವಳಿಕೆ ಕೊಟ್ಟ ರಾತ್ರಿ ಉಸಿರು ಮರೆಯುವ ಭಯ ಉಂಟು. ರಕ್ತ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಇಂಥವರಿಗೆ ಸಾಧ್ಯವಾದರೆ ಬೆನ್ನಿಗೇ ಕೊಡುತ್ತೇನೆ. ಶಿಶುಗಳಲ್ಲಿ ಇದರಿಂದ ರಕ್ತದೊತ್ತಡ ದೊಡ್ಡವರ ಹಾಗೆ ಬೀಳುವುದಿಲ್ಲ. ಸಿಗುವ ಸಮಯ ಒಂದು ಗಂಟೆಯಷ್ಟೇ, ಸರ್ಜನ್ನರ ಕೈ ಚುರುಕಿರಬೇಕು. ಆದರೂ ರಾತ್ರಿಯ ನಿಗಾ ತಪ್ಪಿದ್ದಲ್ಲ. "ತೋಟದಲ್ಲಿ ಅಡಿಕೆ ಕೊಯ್ಲು, ಆಳು ಬಂದಿದ್ದಾರೆ, ಸಂಜೆಗೆ ಬಿಟ್ಟುಬಿಡಿ" ಎಂದು ಕೇಳುತ್ತಾರೆ. ತಂದೆ ಹೋಗಬಹುದು. ತಾಯಿಯೂ ಕೂಸೂ ಆಮ್ಲಜನಕದ ಮಾನಿಟರ್ ಹಾಕಿದ ಮಂಚದಲ್ಲಿ ಮರುದಿನ ಬೆಳಗಿನ ತನಕ ಇರಬೇಕು. ಅಂಥ ಮಂಚ ಇಲ್ಲದ ಆಸ್ಪತ್ರೆಯಲ್ಲಿ ಆ ಆಪರೇಷನ್ ಬೇಡ.